ಕೆಂಪು ದೀಪ ಯಾರಿಗಾಗಿ ಉರಿಯಬೇಕು?

ಸರಗೂರಿನ ಆಸ್ಪತ್ರೆಯಿಂದ ಹಾಸನದ ನಿಯಂತ್ರಣ ಕೇಂದ್ರದವರೆಗೆ: ಉಪಗ್ರಹ ಸಂಪರ್ಕಕ್ಕೆ ಎಚ್ಚರಿಕೆಯ ಗಂಟೆ ಕಟ್ಟುವ ಕೆಲಸದ ಒಳಹೊರಗು

ಮೈಸೂರು ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಕಪಿಲೆಯ, ಅಂದರೆ ಕಬಿನಿಯ, ದಂಡೆಯ ಮೇಲಿರುವ ಸರಗೂರು ಈಗ ತಾಲ್ಲೂಕು ಕೇಂದ್ರ. ಈ ಶತಮಾನ ಶುರುವಾದಾಗ ಅದು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಹೋಬಳಿ. ಒಂದು ಕಡೆ ಬಂಡೀಪುರದ ಕಾಡು, ಇನ್ನೊಂದು ಕಡೆ ನಾಗರಹೊಳೆ, ನಡುವೆ ಕಬಿನಿಯ ಹಿನ್ನೀರು. ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು. ಎದೆ ಹಿಡಿದುಕೊಂಡು ಬಂದವರಿಗೆ ಹೃದ್ರೋಗ ತಜ್ಞರು ಬೇಕೆಂದರೆ ಮೈಸೂರಿನ ಬಸ್ಸು ಹತ್ತಬೇಕಿತ್ತು. ಅಂಥ ಊರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೆ ಉಪಗ್ರಹದ ಡಿಶ್ ಬಂತು. ಇಸ್ರೊ 2001ರಲ್ಲಿ ಆರಂಭಿಸಿದ ಟೆಲಿಮೆಡಿಸಿನ್ ಪ್ರಯೋಗದ ಮೊದಮೊದಲ ಕೊಂಡಿಗಳಲ್ಲಿ ಇದೂ ಒಂದು. ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ಈ ಆಸ್ಪತ್ರೆ ಎರಡನ್ನೂ ಇನ್ಸಾಟ್ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು.

ಸರಗೂರಿನ ಆಸ್ಪತ್ರೆಯನ್ನು ನಡೆಸುವುದು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್. ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ ಸಂಸ್ಥೆ ಅದು. ಡಿಶ್ ಬಂದ ಮೇಲೆ ಇಸಿಜಿಯ ಗೆರೆ, ಎಕ್ಸ್‌ರೇ ಚಿತ್ರ, ರೋಗಿಯ ಮುಖ, ವೈದ್ಯರ ಮಾತು ಎಲ್ಲವೂ ಆಕಾಶಮಾರ್ಗವಾಗಿ ಬೆಂಗಳೂರು ತಲುಪತೊಡಗಿದವು.

ಈ ಯೋಜನೆಗಳ ಬಗ್ಗೆ ಬರೆದವರು ಹೆಚ್ಚಾಗಿ ಬರೆದದ್ದು ಲಿಂಕ್ ಕೆಲಸ ಮಾಡಿದ ದಿನಗಳ ಕಥೆ. ಲಿಂಕ್ ಕೈಕೊಟ್ಟರೆ ಅದು ಮೊದಲು ಯಾರಿಗೆ ಗೊತ್ತಾಗಬೇಕು, ಹೇಗೆ ಗೊತ್ತಾಗಬೇಕು, ಗೊತ್ತಾದವರು ಏನು ಮಾಡಬೇಕು ಎಂಬುದು ಬೇರೆಯದೇ ಕಥೆ. ಉಪಗ್ರಹ ಸಂಪರ್ಕದ ಎಂಜಿನಿಯರುಗಳು ‘ಅಲಾರಂ ಸೆಟ್ಟಿಂಗ್’ ಎಂದು ಕರೆಯುವ ಕೆಲಸ ಇದೇ. ಯಂತ್ರ ತಂದು ನಿಲ್ಲಿಸಿದ ದಿನ ಸಂಜೆ, ಎಲ್ಲರೂ ಹೊರಡುವ ಗಡಿಬಿಡಿಯಲ್ಲಿರುವಾಗ ಮುಗಿಸಿಬಿಡುವ ಕೆಲಸವೂ ಇದೇ.

ಉದ್ದದ ಸರಪಳಿ

ಇಂಥ ಸಂಪರ್ಕ ಉಪಗ್ರಹ ಇರುವುದು ಸಮಭಾಜಕದ ನೆತ್ತಿಯಲ್ಲಿ, 35,786 ಕಿಲೋಮೀಟರ್ ಎತ್ತರದಲ್ಲಿ. ಮಾತು ಅಲ್ಲಿಗೆ ಹೋಗಿ ಇಳಿದು ಬರಲು ಕಾಲು ಸೆಕೆಂಡು ಬೇಕು. ನೆಲದ ಮೇಲೆ ಅದಕ್ಕೆ ಬೇಕಾದ ಸಾಮಾನು ಮಾತ್ರ ಕೈಗೆಟಕುವಂಥದ್ದು. ಕೋಣೆಯೊಳಗೆ ಮೋಡೆಮ್, ಅದರ ಪಕ್ಕ ಯುಪಿಎಸ್ ಮತ್ತು ಬ್ಯಾಟರಿ. ಗೋಡೆ ತೂರಿ ಛಾವಣಿಗೆ ಹೋಗುವ ಎರಡು ಕೇಬಲ್. ಡಿಶ್‌ನ ಬಾಯಿಯ ಬಳಿ ಎರಡು ಪೆಟ್ಟಿಗೆ: ಹೋಗುವ ಸಂಕೇತಕ್ಕೆ ಬಲ ತುಂಬಿ ಮೇಲಕ್ಕೆ ಕಳಿಸುವ ಬಿಯುಸಿ, ಬರುವ ಕ್ಷೀಣ ಸಂಕೇತವನ್ನು ಹಿಡಿದು ಹಿಗ್ಗಿಸುವ ಎಲ್‌ಎನ್‌ಬಿ.

ಕರ್ನಾಟಕದಲ್ಲಿ ಈ ಡಿಶ್‌ಗಳಿಗೆ ಒಂದು ವಿಶೇಷ ಪಾಡಿದೆ. ನಾವು ಸಮಭಾಜಕಕ್ಕೆ ಹತ್ತಿರ, ಭಾರತದ ಬಹಳಷ್ಟು ಉಪಗ್ರಹಗಳು ನಮ್ಮ ರೇಖಾಂಶದ ಆಸುಪಾಸಿನಲ್ಲೇ ಇವೆ. ಹಾಗಾಗಿ ಸರಗೂರಿನಂಥ ಊರಿನಲ್ಲಿ ಡಿಶ್ ಸುಮಾರು 75 ಡಿಗ್ರಿ ಎತ್ತರಕ್ಕೆ ನೋಡಬೇಕು. ದೆಹಲಿಯ ಡಿಶ್‌ಗಿಂತ ನಮ್ಮದು ಎಷ್ಟೋ ಹೆಚ್ಚು ಅಂಗಾತ ಮಲಗಿರುತ್ತದೆ. ತರಗೆಲೆ, ಹಕ್ಕಿಯ ಹಿಕ್ಕೆ, ಮಳೆನೀರು ಎಲ್ಲಕ್ಕೂ ಅದು ಬಾಯಿ ತೆರೆದುಕೊಂಡಂತೆಯೇ. ವೈನಾಡಿನಿಂದ ದಾಟಿ ಬರುವ ಜೂನ್-ಜುಲೈ ಮಳೆ, ಅದಕ್ಕೂ ಮುನ್ನ ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲು, ಹೇಳದೆ ಕೇಳದೆ ಹೋಗುವ ಕರೆಂಟು, ಕೇಬಲ್ ಕಡಿಯುವ ಇಲಿ. ತಪ್ಪಲು ಇಷ್ಟು ದಾರಿಗಳಿರುವಾಗ ಪ್ರತಿಯೊಂದು ಪೆಟ್ಟಿಗೆಯಲ್ಲೂ ತನ್ನ ಅಸೌಖ್ಯವನ್ನು ತಾನೇ ಹೇಳುವ ವ್ಯವಸ್ಥೆ ಬೇಕು.

ಮೂರು ತಿರುಪುಗಳ ಪರೀಕ್ಷೆ

ಉಪಗ್ರಹ ಮೋಡೆಮ್ ಅಥವಾ ಆಂಪ್ಲಿಫೈಯರಿನ ಬೆನ್ನು ತಿರುಗಿಸಿ ನೋಡಿದರೆ, ಹಲವು ಮಾದರಿಗಳಲ್ಲಿ ಮೂಲೆಯಲ್ಲೊಂದು ಸಣ್ಣ ಕನೆಕ್ಟರ್ ಕಾಣುತ್ತದೆ. ಒಳಗಿನ ಯಾವ ದೋಷವೇ ಆಗಲಿ, ಒಟ್ಟಾಗಿ ಒಂದೇ ಸಂಕೇತವಾಗಿ ಹೊರಬರುವ ಜಾಗ ಅದು. ಒಳಗಿರುವುದು ಒಂದು ಸಾಮಾನ್ಯ ರಿಲೇ. ಹೊರಗೆ ಮೂರು ತುದಿ: ಒಂದು ಕಾಮನ್, ಇನ್ನೆರಡು ಎನ್‌ಒ (ನಾರ್ಮಲಿ ಓಪನ್, ಮಾಮೂಲು ಸ್ಥಿತಿಯಲ್ಲಿ ಬಿಟ್ಟಿರುವುದು) ಮತ್ತು ಎನ್‌ಸಿ (ನಾರ್ಮಲಿ ಕ್ಲೋಸ್ಡ್, ಮಾಮೂಲು ಸ್ಥಿತಿಯಲ್ಲಿ ಕೂಡಿರುವುದು). ಕಾಮನ್ ಯಾವಾಗಲೂ ಈ ಎರಡರಲ್ಲಿ ಒಂದಕ್ಕೆ ಮಾತ್ರ ಅಂಟಿಕೊಂಡಿರುತ್ತದೆ.

ಬಜರ್‌ನ ತಂತಿಯನ್ನು ಯಾವ ಜೋಡಿಗೆ ಕಟ್ಟಬೇಕು? ದೋಷ ಬಂದಾಗ ಕೂಡಿಕೊಳ್ಳುವ ಜೋಡಿಗೆ ಕಟ್ಟಿದರೆ ಕೆಲಸ ಸುಲಭ. ದೋಷ ಬಂತು, ಸರ್ಕ್ಯೂಟ್ ಕೂಡಿತು, ಬಜರ್ ಕೂಗಿತು. ಆದರೆ ಒಂದು ರಾತ್ರಿ ಇಲಿ ಆ ತಂತಿಯನ್ನೇ ಕಡಿದರೆ? ಆಮೇಲೆ ಯಂತ್ರ ಸುಟ್ಟು ಹೋದರೂ ಬಜರ್ ಬಾಯಿ ಬಿಡದು. ಅದು ಸುಮ್ಮನಿರುವುದನ್ನು ನೋಡಿ ಎಲ್ಲ ಸರಿಯಿದೆ ಎಂದೇ ಜನ ತಿಳಿಯುತ್ತಾರೆ.

ಅದಕ್ಕೇ ಬಲ್ಲವರು ತಿರುಗಾಮುರುಗಾ ಕಟ್ಟುತ್ತಾರೆ. ಎಲ್ಲ ಸರಿಯಿರುವಾಗ ರಿಲೇ ಕಾಯಿಲ್‌ಗೆ ಕರೆಂಟ್ ಹರಿಯುತ್ತಿರಬೇಕು, ಹೊರಗಿನ ತಂತಿಯಲ್ಲೂ ಸಣ್ಣ ಕರೆಂಟ್ ಸುತ್ತುತ್ತಿರಬೇಕು. ಆ ಹರಿವು ನಿಂತರೆ ಅಲಾರಂ. ಯಂತ್ರದಲ್ಲಿ ದೋಷ ಬಂದರೂ ನಿಲ್ಲುತ್ತದೆ, ಯಂತ್ರಕ್ಕೆ ಕರೆಂಟ್ ಹೋದರೂ ನಿಲ್ಲುತ್ತದೆ, ತಂತಿ ಕಡಿದರೂ ನಿಲ್ಲುತ್ತದೆ. ಬಜರ್‌ಗೆ ಮಾತ್ರ ಬೇರೆ ಬ್ಯಾಟರಿ ಇರಬೇಕು. ಕರೆಂಟ್ ಹೋದ ಸುದ್ದಿ ಹೇಳಬೇಕಾದ ಬಜರ್ ಅದೇ ಕರೆಂಟಿನ ಮೇಲೆ ನಡೆಯುತ್ತಿದ್ದರೆ ಕಟ್ಟಿಯೂ ವ್ಯರ್ಥ.

ಇಲ್ಲೊಂದು ತೊಡಕಿದೆ. ಪೆಟ್ಟಿಗೆಯ ಮೇಲೆ ‘ಎನ್‌ಸಿ’ ಎಂದು ಮುದ್ರಿಸಿರುವುದು ಯಾವ ಸ್ಥಿತಿಯ ಲೆಕ್ಕ? ಕೆಲವು ತಯಾರಕರು ಯಂತ್ರ ಆಫ್ ಇದ್ದಾಗಿನ ಲೆಕ್ಕದಲ್ಲಿ ಹೆಸರಿಡುತ್ತಾರೆ, ಕೆಲವರು ಯಂತ್ರ ಸರಿಯಾಗಿ ನಡೆಯುತ್ತಿರುವಾಗಿನ ಲೆಕ್ಕದಲ್ಲಿ. ಎರಡೂ ಒಂದಕ್ಕೊಂದು ಉಲ್ಟಾ. ಅಕ್ಷರ ನಂಬಿ ಕಟ್ಟಿದರೆ ಎಲ್ಲ ಸರಿಯಿದ್ದಾಗ ಕೂಗಿ, ಕೆಟ್ಟಾಗ ಸುಮ್ಮನಾಗುವ ಅಲಾರಂ ಸಿದ್ಧವಾಗುತ್ತದೆ. ಮಲ್ಟಿಮೀಟರ್ ಹಚ್ಚಿ, ಯಂತ್ರವನ್ನು ಒಮ್ಮೆ ಆನ್ ಮಾಡಿ ಒಮ್ಮೆ ಆಫ್ ಮಾಡಿ, ಯಾವ ಜೋಡಿ ಕೂಡಿತು, ಯಾವುದು ಬಿಟ್ಟಿತು ಎಂದು ಕಣ್ಣಾರೆ ನೋಡುವುದೇ ಇದಕ್ಕೆ ಪರಿಹಾರ. ಎರಡು ನಿಮಿಷದ ಕೆಲಸ.

ಗೆರೆ ಎಲ್ಲಿ ಎಳೆಯಬೇಕು?

ರಿಲೇಗೆ ಇರುವುದು ಹೌದು ಅಥವಾ ಇಲ್ಲ. ಸಂಕೇತದ ಗುಣಮಟ್ಟ ಹಾಗಲ್ಲ, ಅದು ಏರುತ್ತ ಇಳಿಯುತ್ತ ಇರುವಂಥದ್ದು. ಮೋಡೆಮ್ ಅದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತದೆ. ಉದಾಹರಣೆಗೆ, ತಿಳಿ ಆಕಾಶವಿದ್ದಾಗ 9 ಡೆಸಿಬೆಲ್ ತೋರಿಸುವ ಮೋಡೆಮ್ 4ಕ್ಕೆ ಇಳಿದಾಗ ಸಂಪರ್ಕ ಕಳೆದುಕೊಳ್ಳುತ್ತದೆ ಎಂದುಕೊಳ್ಳೋಣ. ಎಚ್ಚರಿಕೆಯ ಗೆರೆಯನ್ನು 8.5ರಲ್ಲಿ ಎಳೆದರೆ ಮೋಡ ಕವಿದಾಗಲೆಲ್ಲ ಬಜರ್ ಕಿರುಚುತ್ತದೆ. 4.2ರಲ್ಲಿ ಎಳೆದರೆ ಗಂಟೆ ಹೊಡೆಯುವ ಹೊತ್ತಿಗೆ ಲಿಂಕ್ ಹೋಗಿಯೇ ಬಿಟ್ಟಿರುತ್ತದೆ. 6ರ ಸುಮಾರಿಗೆ ಎಳೆದರೆ ಬೆಂಗಳೂರಿನ ತಜ್ಞರಿಗೆ ‘ಇಸಿಜಿ ಮೊದಲು ಕಳಿಸಿಬಿಡ್ತೀವಿ, ಮಾತು ಆಮೇಲೆ’ ಎನ್ನುವಷ್ಟಾದರೂ ಸಮಯ ಸಿಗುತ್ತದೆ.

ಗೆರೆ ಒಂದೇ ಇದ್ದರೂ ಸಾಲದು. ಸಂಕೇತ 5.9, 6.1, 5.9 ಎಂದು ಓಲಾಡುತ್ತಿದ್ದರೆ ಅಲಾರಂ ನಿಮಿಷಕ್ಕೆ ಹತ್ತು ಸಲ ಹತ್ತಿ ಆರುತ್ತದೆ. ಹಾಗಾಗಿ 6ಕ್ಕೆ ಇಳಿದಾಗ ಹತ್ತುವ ಅಲಾರಂ 7ಕ್ಕೆ ಏರುವ ತನಕ ಆರಬಾರದು ಎಂದು ನಡುವೆ ಜಾಗ ಬಿಡುತ್ತಾರೆ. ಜೊತೆಗೆ, ಇಳಿದದ್ದು ಅರ್ಧ ನಿಮಿಷ ಹಾಗೇ ಇದ್ದರೆ ಮಾತ್ರ ಕೂಗು ಎಂಬ ತಡೆಯನ್ನೂ ಸೇರಿಸುತ್ತಾರೆ. ಎಷ್ಟು ಡೆಸಿಬೆಲ್, ಎಷ್ಟು ಸೆಕೆಂಡು ಎಂಬುದಕ್ಕೆ ಎಲ್ಲೆಡೆ ಸಲ್ಲುವ ಉತ್ತರವಿಲ್ಲ. 4ರಿಂದ 6 ಗಿಗಾಹರ್ಟ್ಸ್ ಸುತ್ತಿನ ಸಿ-ಬ್ಯಾಂಡ್ ಸಂಕೇತ ಮಳೆಗೆ ಅಷ್ಟಾಗಿ ಬಗ್ಗುವುದಿಲ್ಲ. 11ರಿಂದ 14 ಗಿಗಾಹರ್ಟ್ಸ್‌ನ ಕು-ಬ್ಯಾಂಡ್‌ನಲ್ಲಿ ಅಲೆಯ ಉದ್ದ ಎರಡು-ಎರಡೂವರೆ ಸೆಂಟಿಮೀಟರ್‌ಗೆ ಇಳಿಯುವುದರಿಂದ ಜೋರು ಮಳೆಯ ದಪ್ಪ ಹನಿಗಳು ಅದನ್ನು ಹೀರಿ ಚೆದುರಿಸುತ್ತವೆ. ಬಳ್ಳಾರಿಯ ಬಿಸಿಲಿಗೆ ಹೊಂದಿಸಿದ ಅಂಕಿಯನ್ನು ಎಚ್.ಡಿ. ಕೋಟೆಯ ಆಷಾಢಕ್ಕೆ ನಕಲು ಮಾಡಿದರೆ ಅದು ಹೊಂದುವುದಿಲ್ಲ.

ಇನ್ನು ತೀವ್ರತೆಯ ಪ್ರಶ್ನೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಎಕ್ಸ್.733 ಎಂಬ ಶಿಫಾರಸು ಅಲಾರಂಗಳನ್ನು ಕ್ರಿಟಿಕಲ್, ಮೇಜರ್, ಮೈನರ್, ವಾರ್ನಿಂಗ್ ಎಂದು ವಿಂಗಡಿಸುತ್ತದೆ. ಅಂಗಡಿಯಿಂದ ಬಂದ ಯಂತ್ರದಲ್ಲಿ ಈ ವಿಂಗಡಣೆ ಮೊದಲೇ ತುಂಬಿರುತ್ತದೆ, ಆದರೆ ಅದು ತಯಾರಕರ ಲೆಕ್ಕ. ಬಿಯುಸಿಯ ಬಿಸಿ ಏರುತ್ತಿದೆ ಎಂಬುದು ತಯಾರಕರಿಗೆ ಮೈನರ್ ಇರಬಹುದು. ಬದಲಿ ಪೆಟ್ಟಿಗೆ ಬರಲು ವಾರ ಹಿಡಿಯುವ ಊರಿನಲ್ಲಿ ಅದು ಮೇಜರ್.

‘ಯಾವ ಡಬ್ಬದಲ್ಲಪ್ಪಾ?’

ರಾತ್ರಿ ಹೊತ್ತು ಇಂಥ ಕೇಂದ್ರಗಳಿಂದ ಎಂಜಿನಿಯರಿಗೆ ಹೋಗುವ ಫೋನಿನ ಧಾಟಿ ಸುಮಾರಾಗಿ ಹೀಗಿರುತ್ತದೆ: “ಸಾರ್, ಕೆಂಪು ಲೈಟು ಉರೀತಾ ಅದೆ.” “ಯಾವ ಡಬ್ಬದಲ್ಲಪ್ಪಾ?” “ಎಲ್ಲಾದ್ರಲ್ಲೂ ಸಾರ್.”

ಎಲ್ಲಾದರಲ್ಲೂ ಉರಿಯುವುದು ಸಹಜ. ಎಲ್‌ಎನ್‌ಬಿ ಒಂದು ಸತ್ತರೆ ಮೋಡೆಮ್‌ಗೆ ಸಂಕೇತವಿಲ್ಲ. ಸಂಕೇತ ಕಳೆದುಕೊಂಡ ಮೋಡೆಮ್ ತಾನೂ ಮೇಲಕ್ಕೆ ಕಳಿಸುವುದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ದಿಕ್ಕುತಪ್ಪಿದ ಸಂಕೇತ ಬೇರೆಯವರ ಚಾನೆಲ್‌ಗೆ ಅಡ್ಡಬರುತ್ತದೆ. ಅದು ನಿಲ್ಲಿಸಿದ ಕೂಡಲೇ ಬಿಯುಸಿಗೆ ಕೆಲಸವಿಲ್ಲ, ಅದರದ್ದೂ ಅಲಾರಂ. ಅತ್ತ ನೆಟ್‌ವರ್ಕ್ ಸ್ವಿಚ್, ವಿಡಿಯೊ ಯಂತ್ರಗಳೂ ಕೂಗುತ್ತವೆ. ರೋಗ ಒಂದು, ನರಳಾಟ ಆರು. ಒಂದು ಮೂಲ ದೋಷ ಬಂದಾಗ ಅದರ ಬೆನ್ನಿಗೆ ಬರುವ ಅಲಾರಂಗಳನ್ನು ದಾಖಲೆ ಪುಸ್ತಕಕ್ಕೆ ಮಾತ್ರ ಕಳಿಸಿ, ಬಜರ್‌ಗೆ ಕಳಿಸದಿರುವಂತೆ ಮಾಡುವುದು ಸೆಟ್ಟಿಂಗ್‌ನ ಅತ್ಯಂತ ಕಷ್ಟದ ಭಾಗ. ಯಾವುದನ್ನು ಮುಚ್ಚಬಹುದು ಎಂದು ತೀರ್ಮಾನಿಸಲು ಯಾವುದರಿಂದ ಯಾವುದು ಕೆಡುತ್ತದೆ ಎಂಬ ನಕ್ಷೆ ಮನಸ್ಸಿನಲ್ಲಿರಬೇಕು.

ಈ ಕೆಲಸ ಮಾಡದಿದ್ದರೆ ಏನಾಗುತ್ತದೆಂದು ಬೇರೆ ಕಾರ್ಖಾನೆಗಳು ದುಬಾರಿ ಬೆಲೆ ತೆತ್ತು ಕಲಿತಿವೆ. 1994ರ ಜುಲೈ 24ರಂದು ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್‌ನ ಟೆಕ್ಸಾಕೊ ತೈಲ ಶುದ್ಧೀಕರಣಾಗಾರದಲ್ಲಿ ಸ್ಫೋಟವಾಯಿತು. ಅದಕ್ಕೆ ಮುಂಚಿನ ಹನ್ನೊಂದು ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂಗಳು ಬಂದು ಬಿದ್ದಿದ್ದವು. ಓದುವುದೇ ಅಸಾಧ್ಯ, ಮಾಡುವುದೆಲ್ಲಿ? ಆಮೇಲೆ 1999ರಲ್ಲಿ ಅಲ್ಲಿನ ಉದ್ಯಮದವರು ಹೊರತಂದ ಕೈಪಿಡಿ, ಎಲ್ಲ ಸರಿಯಿರುವ ಹೊತ್ತಿನಲ್ಲಿ ಒಬ್ಬ ಆಪರೇಟರಿಗೆ ಹತ್ತು ನಿಮಿಷಕ್ಕೆ ಒಂದು ಅಲಾರಂ ಎಂಬುದನ್ನು ಸಹಿಸಬಹುದಾದ ಪ್ರಮಾಣವೆಂದಿತು. ಆಸ್ಪತ್ರೆಗಳ ಕಥೆಯೂ ಹಾಗೇ. ರೋಗಿಯ ಮಂಚದ ಪಕ್ಕ ಕೂಗುವ ಯಂತ್ರಗಳ ಅಲಾರಂಗಳಲ್ಲಿ ಶೇ 85ರಿಂದ 99ರಷ್ಟಕ್ಕೆ ವೈದ್ಯಕೀಯವಾಗಿ ಏನೂ ಮಾಡಬೇಕಾಗಿರುವುದಿಲ್ಲ ಎಂಬ ಅಂದಾಜನ್ನು ಅಮೆರಿಕದ ಜಾಯಿಂಟ್ ಕಮಿಷನ್ 2013ರಲ್ಲಿ ಎಚ್ಚರಿಕೆಯಾಗಿಯೇ ಪ್ರಕಟಿಸಿತು.

ಕೋಟೆ-ಸರಗೂರಿನ ಕಾಡಂಚಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಅಟ್ಟಣೆಯ ಮೇಲೆ ಕಾವಲು ಕೂತವನು ಮೊಲ ಹಾಯ್ದರೂ ‘ಆನೆ’ ಎಂದು ಕೂಗುತ್ತಿದ್ದರೆ ನಾಲ್ಕನೇ ದಿನ ಪಕ್ಕದ ಹೊಲದವರು ಎದ್ದು ಬರುವುದಿಲ್ಲ.

ಸೂರ್ಯ ಅಡ್ಡ ಬಂದಾಗ

ಕೆಲವು ಅಡಚಣೆಗಳು ಮೊದಲೇ ತಾರೀಖು ಹೇಳಿ ಬರುತ್ತವೆ. ವರ್ಷಕ್ಕೆರಡು ಸಲ, ಸರಗೂರಿನ ಅಕ್ಷಾಂಶದಲ್ಲಿ ಮಾರ್ಚ್ ನಡುಭಾಗ ಮತ್ತು ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಹಾಯುತ್ತಾನೆ. ಕೆಲವು ದಿನ, ನಡುಹಗಲಿನ ಆಸುಪಾಸು, ದಿನಕ್ಕೆ ಕೆಲವೇ ನಿಮಿಷ. ಉಪಗ್ರಹದ ಕಡೆಗೇ ನೋಡುತ್ತಿರುವ ಡಿಶ್‌ಗೆ ಸೂರ್ಯನ ರೇಡಿಯೊ ಗದ್ದಲವೂ ನೇರ ಬೀಳುತ್ತದೆ, ಸಂಕೇತ ಅದರಲ್ಲಿ ಮುಳುಗಿಹೋಗುತ್ತದೆ. ಯಾವ ಪೆಟ್ಟಿಗೆಯೂ ಕೆಟ್ಟಿರುವುದಿಲ್ಲ. ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡು ಆ ನಿಮಿಷಗಳಿಗೆ ಅಲಾರಂಗೆ ಬೇರೆ ನಿಯಮ ಕೊಟ್ಟರೆ ಯಾರೂ ಛಾವಣಿ ಹತ್ತಬೇಕಿಲ್ಲ.

ಅದೇ ಋತುವಿನಲ್ಲಿ ಮೇಲಿನ ಉಪಗ್ರಹಕ್ಕೂ ಗ್ರಹಣ ಕಾಲ. ಪ್ರತಿ ವಿಷುವದ ಸುತ್ತ ಸುಮಾರು ಒಂದೂವರೆ ತಿಂಗಳು ಉಪಗ್ರಹ ದಿನವೂ ಭೂಮಿಯ ನೆರಳಿಗೆ ಸಿಕ್ಕಿಕೊಳ್ಳುತ್ತದೆ, ಹೆಚ್ಚೆಂದರೆ 72 ನಿಮಿಷ. ಸೌರಫಲಕಕ್ಕೆ ಬೆಳಕಿಲ್ಲ, ಬ್ಯಾಟರಿಯೇ ಗತಿ. ಬೇರೆ ದಿನಗಳಲ್ಲಿ ಎದೆಯೊಡೆಸುವಂಥ ಬ್ಯಾಟರಿ ಅಂಕಿ ಆ ದಿನಗಳಲ್ಲಿ ಮಾಮೂಲು.

ಹಾಸನದ ಕಣ್ಣು

ಆ ಅಂಕಿಗಳನ್ನು ಹಗಲೂ ರಾತ್ರಿ ನೋಡುವ ಜಾಗವೂ ಕರ್ನಾಟಕದಲ್ಲೇ ಇದೆ. ಹಾಸನದ ಸಾಲಗಾಮೆ ರಸ್ತೆಯ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇನ್ಸಾಟ್ ಸಾಲಿನ ಉಪಗ್ರಹಗಳನ್ನು ನಡೆಸುತ್ತ ಬಂದಿದೆ. 2005ರಲ್ಲಿ ಭೋಪಾಲದಲ್ಲಿ ಎರಡನೆಯ ಕೇಂದ್ರ ಬಂತು. ಉಪಗ್ರಹದಿಂದ ಸದಾ ಇಳಿದು ಬರುವ ಉಷ್ಣತೆ, ವೋಲ್ಟೇಜ್, ಇಂಧನದ ಒತ್ತಡಗಳಿಗೆ ಮೇಲಿನದೊಂದು, ಕೆಳಗಿನದೊಂದು ಮಿತಿ. ದಾಟಿದರೆ ಪರದೆಯ ಮೇಲೆ ಬಣ್ಣ ಬದಲು.

ಹಾಸನದ ಕೇಂದ್ರದ ಮೊದಲ ವರ್ಷವೇ ಪರೀಕ್ಷೆಯ ವರ್ಷವಾಯಿತು. 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ದಿಕ್ಕು ಹಿಡಿದು ನಿಲ್ಲಲು ಬೇಕಾದ ಇಂಧನ ಖಾಲಿಯಾಗಿ ಸೆಪ್ಟೆಂಬರ್ 6ರಂದೇ ಕೈಕೊಟ್ಟಿತು. 2010ರ ಜುಲೈನಲ್ಲಿ ಇನ್ಸಾಟ್-4ಬಿಯ ಸೌರಫಲಕದ ವಿದ್ಯುತ್ ಪೂರೈಕೆ ಕುಗ್ಗಿದಾಗ, ಸಂಕೇತ ಹಿಡಿದು ತಿರುಗಿ ಕಳಿಸುವ ಅರ್ಧದಷ್ಟು ಟ್ರಾನ್ಸ್‌ಪಾಂಡರುಗಳನ್ನು ಆಫ್ ಮಾಡಿ ಉಳಿದರ್ಧವನ್ನು ಉಳಿಸಿಕೊಳ್ಳಲಾಯಿತು. ಮನೆಮನೆಯ ಟಿವಿ ಚಾನೆಲ್‌ಗಳು ಮಾಯವಾದವು, ಉಪಗ್ರಹ ಮಾತ್ರ ಉಳಿಯಿತು. ಇದು ಅಲಾರಂ ಹೊತ್ತಿಗೆ ಸರಿಯಾಗಿ ಸಿಕ್ಕಾಗ ಮಾಡಬಹುದಾದ ಕೆಲಸ.

2018ರ ಜಿಸ್ಯಾಟ್-6ಎ ಉಪಗ್ರಹದ ಕಥೆ ಬೇರೆ ಬಗೆಯದು. ಮಾರ್ಚ್ 29ರಂದು ಉಡಾವಣೆ. 31ರ ಬೆಳಿಗ್ಗೆ ಎಂಜಿನ್ ಸುಮಾರು 53 ನಿಮಿಷ ಉರಿದು ಕಕ್ಷೆ ಏರಿಸಿತು, ಎಲ್ಲ ಸರಿಯಿತ್ತು. ಏಪ್ರಿಲ್ 1ರಂದು ನಡೆಯಬೇಕಿದ್ದ ಮುಂದಿನ ಉರಿತಕ್ಕೆ ಸಿದ್ಧವಾಗುತ್ತಿದ್ದಾಗ ಸಂಪರ್ಕವೇ ಕಡಿದುಹೋಯಿತು. ಕೆಂಪು ಅಂಕಿ, ಹಳದಿ ಅಂಕಿ ಇರಲಿ, ಅಂಕಿಯೇ ಬರಲಿಲ್ಲ.

ಸುಮ್ಮನಿರುವ ಪೆಟ್ಟಿಗೆ

ನೆಲದ ಮೇಲೂ ದೊಡ್ಡ ತೊಡಕು ಇದೇ. ಲಿಂಕ್ ಬಿದ್ದ ಸುದ್ದಿಯನ್ನು ಅದೇ ಲಿಂಕ್ ಮೂಲಕ ಕಳಿಸಲು ಆಗದು. ಆದ್ದರಿಂದ ಜಾಲದ ನಡುವಿನ ಹಬ್‌ನಲ್ಲಿ ಕೂತ ಗಣಕಯಂತ್ರ ದೂರದ ಪ್ರತಿ ಕೇಂದ್ರವನ್ನೂ ಆಗಾಗ ‘ಇದ್ದೀಯಾ?’ ಎಂದು ಕೇಳುತ್ತಿರಬೇಕು. ಮೂರು ಸಲ ಕೇಳಿ ಉತ್ತರ ಬರದಿದ್ದರೆ ಅದನ್ನೇ ಅಲಾರಂ ಎಂದು ಎಣಿಸಬೇಕು. ಅಷ್ಟಾದ ಮೇಲೆ ಆ ಅಲಾರಂ ಊರಿನವರಿಗೆ ತಲುಪಲು ಮೊಬೈಲ್ ಎಸ್‌ಎಂಎಸ್‌ನಂಥ ಬೇರೆ ದಾರಿಯೂ ಇರಬೇಕು.

ಕೇಳುವ ದಾರಿಯೇ ಇಲ್ಲದ ಜಾಲಗಳೂ ಇದ್ದವು. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಉಪಗ್ರಹ ಬಳಸಿ ಪಕ್ಕದ ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳಿಗೆ ಪಾಠ ಪ್ರಸಾರ ಮಾಡುವ ಯೋಜನೆ ಬಂತು. ಅಲ್ಲಿದ್ದವು ಸಂಕೇತವನ್ನು ಬರಮಾಡಿಕೊಳ್ಳುವ ಸಾಧನಗಳು ಮಾತ್ರ, ತಿರುಗಿ ಕಳಿಸುವ ವ್ಯವಸ್ಥೆ ಇರಲಿಲ್ಲ. ಇಂಥ ಏರ್ಪಾಡಿನಲ್ಲಿ ಸ್ಟುಡಿಯೊದವರಿಗೆ ಯಾವ ಶಾಲೆಯ ಟಿವಿ ಬೆಳಗಿದೆ, ಯಾವುದರ ಬ್ಯಾಟರಿ ಸತ್ತಿದೆ ಎಂಬ ಸುಳಿವು ಯಂತ್ರದಿಂದ ಸಿಗುವುದಿಲ್ಲ. ಮೇಷ್ಟ್ರು ಯಾರಿಗಾದರೂ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಲ್ಲಿ ಅಲಾರಂ ಎಂದರೆ ಮೇಷ್ಟ್ರ ಫೋನು. ಯಾವ ನಂಬರಿಗೆ ಮಾಡಬೇಕೆಂಬುದನ್ನು ಟಿವಿ ಪೆಟ್ಟಿಗೆಯ ಮೇಲೆ ಅಂಟಿಸುವುದೂ ಸೆಟ್ಟಿಂಗ್‌ನ ಭಾಗವೇ.

ಆಸ್ಪತ್ರೆಯಲ್ಲೂ ರಾತ್ರಿ ಪಾಳಿಯಲ್ಲಿರುವವರು ದಾದಿಯರು. ಬಜರ್ ಅವರಿಗಾಗಿ ಕೂಗುವುದಾದರೆ ಅವರು ಮಾಡಬಹುದಾದದ್ದನ್ನೇ ಅದು ಹೇಳಬೇಕು: ಯುಪಿಎಸ್ ನೋಡಿ, ಮಳೆಯಿದ್ದರೆ ಹತ್ತು ನಿಮಿಷ ಕಾಯಿರಿ, ಇಲ್ಲದಿದ್ದರೆ ಈ ನಂಬರಿಗೆ ಫೋನ್ ಮಾಡಿ. ಕನ್ನಡದಲ್ಲಿ ಮೂರು ಸಾಲು. ಅವರು ಏನೂ ಮಾಡಲಾಗದ ದೋಷಗಳು ಎಂಜಿನಿಯರಿನ ಮೊಬೈಲಿಗೆ ನೇರ ಹೋಗಲಿ, ವಾರ್ಡಿನ ನಿದ್ದೆ ಕೆಡಿಸುವುದು ಬೇಡ.

ಹೊಸ ಡಿಶ್, ಹಳೇ ಪ್ರಶ್ನೆ

ಎಜುಸ್ಯಾಟ್ 2010ರಲ್ಲಿ ಸೇವೆಯಿಂದ ನಿವೃತ್ತವಾಯಿತು. ಟೆಲಿಮೆಡಿಸಿನ್, ದೂರಶಿಕ್ಷಣಗಳ ಕೆಲಸಕ್ಕೆಂದು 2011ರ ಜುಲೈನಲ್ಲಿ ಜಿಸ್ಯಾಟ್-12 ಹೋಯಿತು. ಈಗ ಫೈಬರ್ ಪಂಚಾಯಿತಿಗಳತ್ತ ಬಂದಿದೆ, ಮೊಬೈಲಿನಲ್ಲೇ ವೈದ್ಯರ ಸಲಹೆ ಕೊಡಿಸುವ ಇ-ಸಂಜೀವಿನಿ ಇದೆ. 2024ರ ನವೆಂಬರಿನಲ್ಲಿ ಹಾರಿದ ಜಿಸ್ಯಾಟ್-ಎನ್2 ಕಾ-ಬ್ಯಾಂಡ್‌ನಲ್ಲಿ ಸೆಕೆಂಡಿಗೆ 48 ಗಿಗಾಬಿಟ್ ಸಾಮರ್ಥ್ಯದ್ದು. ಈ ಬ್ಯಾಂಡ್ ಮಳೆಗೆ ಕು-ಬ್ಯಾಂಡ್‌ಗಿಂತಲೂ ಹೆಚ್ಚು ಬಳಲುತ್ತದೆ. ಕೆಳಕಕ್ಷೆಯ ಉಪಗ್ರಹಗಳೂ ಬಂದಿವೆ. ಒನ್‌ವೆಬ್ ಕಂಪನಿಯ ಇಂಥ 72 ಉಪಗ್ರಹಗಳನ್ನು 2022 ಮತ್ತು 2023ರಲ್ಲಿ ಎರಡು ಕಂತಿನಲ್ಲಿ ಕಕ್ಷೆಗೆ ಸೇರಿಸಿದ್ದು ಇಸ್ರೊದ ಎಲ್‌ವಿಎಂ3 ರಾಕೆಟ್.

ಹೊಸ ಕಾಲದ ಚಪ್ಪಟೆ ಆಂಟೆನಾಗಳು ಉಪಗ್ರಹವನ್ನು ತಾವೇ ಹುಡುಕಿಕೊಳ್ಳುತ್ತವೆ, ತಮ್ಮ ಆರೋಗ್ಯದ ವರದಿಯನ್ನು ಕಂಪನಿಗೆ ತಾವೇ ಒಪ್ಪಿಸುತ್ತವೆ. ಮಿತಿ, ತಡೆ, ತೀವ್ರತೆಯ ಅಂಕಿಗಳು ಈಗ ದೂರದ ಕಚೇರಿಯಲ್ಲಿ ತೀರ್ಮಾನವಾಗುತ್ತವೆ. ಯುಪಿಎಸ್ ಬ್ಯಾಟರಿ ಮಾತ್ರ ಇನ್ನೂ ಊರಿನಲ್ಲೇ ಇದೆ. ಅರ್ಥಿಂಗ್, ಕನೆಕ್ಟರ್‌ನೊಳಗೆ ನುಗ್ಗುವ ಇರುವೆ, ಗೋಡೆಯ ತೂತಿನ ಇಲಿ ಕೂಡ ಊರಿನವೇ. ಕಂಪನಿಯ ಆ್ಯಪ್‌ಗೆ ಅವು ಕಾಣುವುದಿಲ್ಲ. ಹಾಗಾಗಿ ಹೊಸದಾಗಿ ಸಂಪರ್ಕ ಕೊಳ್ಳುವ ಆಸ್ಪತ್ರೆಯೋ ಪಂಚಾಯಿತಿಯೋ ವೇಗ ಎಷ್ಟು, ಬಾಡಿಗೆ ಎಷ್ಟು ಎಂಬುದರ ಜೊತೆಗೆ ಇನ್ನೂ ಕೆಲವನ್ನು ಕೇಳಿ ಕರಾರಿನಲ್ಲಿ ಬರೆಸಿಕೊಳ್ಳಬಹುದು. ಲಿಂಕ್ ಬಿದ್ದರೆ ಯಾರ ಫೋನ್ ಎಷ್ಟು ನಿಮಿಷದಲ್ಲಿ ಹೊಡೆದುಕೊಳ್ಳುತ್ತದೆ? ಕರೆಂಟ್ ಹೋದಾಗ ಆ ಸುದ್ದಿ ಯಾವ ದಾರಿಯಲ್ಲಿ ಹೋಗುತ್ತದೆ? ಭಾನುವಾರ ರಾತ್ರಿ ಆ ಫೋನ್ ಎತ್ತುವವರು ಯಾರು? ಉತ್ತರ ಬಂದ ಮೇಲೆ, ಯಂತ್ರ ಕೂರಿಸಲು ಬಂದವರು ಇನ್ನೂ ಊರಲ್ಲಿರುವಾಗಲೇ ಒಂದು ಕೇಬಲ್ ಕಿತ್ತು, ಗಡಿಯಾರ ನೋಡಿಕೊಂಡು ಕಾಯುವುದು ವಾಸಿ.